ಬ್ಯಾಕಪ್ ಆರಿಸುವ ಮೊದಲು ಒಂದು ಸಲ ರಿಸ್ಟೋರ್ ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬಂದಿರುವ ಹೆಚ್ಚಿನವರು ಬೇರೆಯವರ ಆಫೀಸಿನ ಕಂಪ್ಯೂಟರು, ಸರ್ವರು ನೋಡಿಕೊಳ್ಳುವವರು. ಪೀಣ್ಯದ ವರ್ಕ್‌ಶಾಪು, ಯಾವುದೋ ಕ್ಲಿನಿಕ್ಕು, ಆಡಿಟರ್ ಆಫೀಸು, ಇಂಥ ಹತ್ತಿಪ್ಪತ್ತು ಕಡೆಯ ಡೇಟಾ ನಮ್ಮನ್ನು ನಂಬಿಕೊಂಡಿದೆ. ಯಾವ ಕ್ಲೌಡ್ ಬ್ಯಾಕಪ್ ತಗೋಬೇಕು ಅಂತ ಅವರು ಕೇಳಿದರೆ ನಾವು ಮೊದಲು ತೆಗೆಯೋದು ರೇಟ್ ಲಿಸ್ಟ್. ನಾನೂ ಹಾಗೇ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಆಡಿಟರ್ ಆಫೀಸಿನ ಸರ್ವರ್ ಡಿಸ್ಕ್ ಹೋಯಿತು. ಸೆಪ್ಟೆಂಬರ್ ಕೊನೆಯ ವಾರ. ಟ್ಯಾಕ್ಸ್ ಆಡಿಟ್ ಸಮಯ ಅಂದರೆ ಅಲ್ಲಿ ಹೇಗಿರುತ್ತೆ ನಿಮಗೇ ಗೊತ್ತು. ಬ್ಯಾಕಪ್ ಇತ್ತು, ದಿನಾ ಹಸಿರು ಟಿಕ್ ಬರುತ್ತಿತ್ತು, ಹಾಗಾಗಿ ಡೇಟಾ ವಾಪಸ್ ತರಿಸೋಕೆ ಧೈರ್ಯವಾಗಿ ರಿಸ್ಟೋರ್ ಒತ್ತಿದೆ. ಒಂದು ಟಿಬಿ ಡೇಟಾ, 100 ಎಂಬಿಪಿಎಸ್ ಲೈನ್. ಲೈನ್ ಪೂರ್ತಿ ಸಿಕ್ಕರೂ 22 ಗಂಟೆ ಬೇಕು. ನಮಗೆ ಅರ್ಧವೂ ಸಿಗಲಿಲ್ಲ. ಮೂರನೇ ದಿನ ಬೆಳಗ್ಗೆ ಮುಗಿಯಿತು. ಅಲ್ಲಿಯವರೆಗೆ ಆ ಆಫೀಸಿನ ಅಕೌಂಟೆಂಟ್ ಮೇಡಂ ಹಳೆಯ ಪ್ರಿಂಟೌಟ್‌ಗಳನ್ನು ಟೇಬಲ್ ಮೇಲೆ ಹರಡಿಕೊಂಡು, ಸಾಲು ತಪ್ಪದಂತೆ ಸ್ಕೇಲ್ ಇಟ್ಟು, ಲೆಕ್ಕವನ್ನೆಲ್ಲ ಲ್ಯಾಪ್‌ಟಾಪಿಗೆ ಮತ್ತೆ ಟೈಪ್ ಮಾಡುತ್ತಾ ಕೂತಿದ್ದರು. ಗಂಟೆಗೊಂದು ಸಲ "ಸರ್, ಎಷ್ಟು ಪರ್ಸೆಂಟ್ ಆಯ್ತು?" ಅಂತ ಕೇಳೋರು.

ನನಗೆ ಇವತ್ತಿಗೂ ಬೇಜಾರಾಗೋದು ಏನು ಗೊತ್ತಾ? ಆ ದಿನ ಅವರಿಗೆ ಬೇಕಿದ್ದದ್ದು ಟ್ಯಾಲಿ ಫೋಲ್ಡರ್ ಮಾತ್ರ. ಎರಡು ಮೂರು ಜಿಬಿ ಅಷ್ಟೇ. ಇಡೀ ಇಮೇಜ್, ಅಂದರೆ ಸರ್ವರಿನ ಪೂರ್ತಿ ನಕಲು, ಇಳಿಸದೆ ಒಂದು ಫೋಲ್ಡರ್ ತೆಗೆಯೋಕೆ ಆ ಸಾಫ್ಟ್‌ವೇರಿನಲ್ಲಿ ಬರುತ್ತಿರಲಿಲ್ಲ. ಟ್ರಯಲ್ ಇದ್ದಾಗ ಹತ್ತು ನಿಮಿಷ ಕೂತು ನೋಡಿದ್ದರೆ ನನಗೆ ಗೊತ್ತಾಗುತ್ತಿತ್ತು.

ಹಾಗಾಗಿ ಟ್ರಯಲ್ ಸಿಕ್ಕ ದಿನವೇ ಒಂದು ಫೋಲ್ಡರ್ ವಾಪಸ್ ತರಿಸಿ. ಆಮೇಲೆ ಇಡೀ ಸರ್ವರ್ ತರಿಸಿ. ಗಡಿಯಾರ ನೋಡಿ ಬರೆದಿಡಿ. ಡೇಟಾ ಜಾಸ್ತಿ ಇದ್ದರೆ ಡಿಸ್ಕಿಗೆ ಹಾಕಿ ಕಳಿಸ್ತಾರಾ, ಅವರ ಕ್ಲೌಡಿನಲ್ಲೇ ಸರ್ವರ್ ಎಬ್ಬಿಸಿ ಕೊಡ್ತಾರಾ ಕೇಳಿ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಜನ ಮಾಡೋದೇ ಇಲ್ಲ. ನೀವೇ ಅಡ್ಮಿನ್ ಆಗಿ ಲಾಗಿನ್ ಆಗಿ ಆ ಟ್ರಯಲ್ ಬ್ಯಾಕಪ್ ಡಿಲೀಟ್ ಮಾಡಿ ನೋಡಿ. ಸಲೀಸಾಗಿ ಡಿಲೀಟ್ ಆಯಿತು ಅಂದರೆ ಕಳ್ಳನಿಗೂ ಅಷ್ಟೇ ಸಲೀಸು. 2014ರಲ್ಲಿ ಕೋಡ್ ಸ್ಪೇಸಸ್ ಅನ್ನೋ ಕಂಪನಿ ಹೀಗೇ ಮುಳುಗಿತು. ಯಾರೋ ಅವರ ಅಮೆಜಾನ್ ಕ್ಲೌಡಿನ ಕಂಟ್ರೋಲ್ ಪ್ಯಾನೆಲ್ ಒಳಗೆ ನುಗ್ಗಿ ದುಡ್ಡು ಕೇಳಿದ, ಇವರು ಪಾಸ್‌ವರ್ಡ್ ಬದಲಿಸೋಕೆ ಹೋದರು, ಅವನು ಡೇಟಾ, ಬ್ಯಾಕಪ್ ಎರಡನ್ನೂ ಅಳಿಸುತ್ತಾ ಹೋದ. ಕಂಪನಿ ಬಾಗಿಲು ಹಾಕಿತು. ನಮ್ಮ ಕೆಲಸದಲ್ಲಿ ಈ ಅಪಾಯ ಇನ್ನೂ ದೊಡ್ಡದು. ನಮ್ಮ ಒಂದು ಲಾಗಿನ್ನಿನಿಂದ ಎಲ್ಲ ಕ್ಲೈಂಟ್‌ಗಳ ಬಾಗಿಲೂ ತೆರೆಯುತ್ತೆ ಅಲ್ವಾ? 2021ರ ಜುಲೈನಲ್ಲಿ ದೂರದಿಂದಲೇ ಕ್ಲೈಂಟ್‌ಗಳ ಕಂಪ್ಯೂಟರು ನೋಡಿಕೊಳ್ಳುವ ಕಸೇಯಾ ಸಾಫ್ಟ್‌ವೇರ್ ಮೂಲಕ ನಮ್ಮಂಥ ಸರ್ವಿಸ್ ಕಂಪನಿಗಳಿಗೆ ನುಗ್ಗಿದವರು, ಅಲ್ಲಿಂದ 800ರಿಂದ 1,500ರಷ್ಟು ಚಿಕ್ಕ ಚಿಕ್ಕ ವ್ಯವಹಾರಗಳ ತನಕ ಮುಟ್ಟಿದರು. ಅದಕ್ಕೇ ಇಮ್ಯೂಟಬಲ್ ಲಾಕ್ ಇರಲೇಬೇಕು. ಹಾಕಿದ ಅವಧಿ ಮುಗಿಯುವ ತನಕ ಯಾರು ಹೇಳಿದರೂ ಅಳಿಸಬಾರದು, ನಾವು ಹೇಳಿದರೂ ಅಳಿಸಬಾರದು. ಬ್ಯಾಕಪ್‌ನ ಲಾಗಿನ್ ಬೇರೆಯೇ ಇರಲಿ, ಒಟಿಪಿ ಇರಲಿ.

ಡೇಟಾ ಯಾವ ಊರಿನಲ್ಲಿದೆ ಅಂತಲೂ ಕೇಳಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನೋ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರ ಪಾಲಿಗೆ ಎರಡೂ ಬೂದಿಯಾಯಿತು. ಇನ್ನು ನಮ್ಮ ದೇಶದ ಕಾನೂನು. ಕ್ಲೈಂಟ್ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, ಕಂಪ್ಯೂಟರಿನಲ್ಲಿರುವ ಲೆಕ್ಕಪುಸ್ತಕದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನಾ ಆಗಬೇಕು. 2022ರ ತಿದ್ದುಪಡಿಗೆ ಮುಂಚೆ ಆಗಾಗ ಆದರೆ ಸಾಕಿತ್ತು. ಮುಂಬೈಯೋ ಹೈದರಾಬಾದೋ, ಜಾಗದ ಹೆಸರನ್ನು ಬರವಣಿಗೆಯಲ್ಲಿ ತಗೊಳ್ಳಿ.

ರೇಟಿನ ಬಗ್ಗೆ ಜಾಸ್ತಿ ಹೇಳಲ್ಲ. ಇಡೋಕೆ ಎಷ್ಟು ಅನ್ನೋದರ ಜೊತೆ ತೆಗೆಯೋಕೆ ಎಷ್ಟು ಅಂತಲೂ ಕೇಳಿ. ಕೆಲವರು ಡೌನ್‌ಲೋಡಿಗೆ ಜಿಬಿ ಲೆಕ್ಕದಲ್ಲಿ ದುಡ್ಡು ತಗೋತಾರೆ. ಬಿಲ್ ಡಾಲರಿನಲ್ಲಿ ಬಂದರೆ ಕ್ಲೈಂಟಿಗೆ ಮೊದಲೇ ಹೇಳಿಬಿಡಿ.

ಎನ್‌ಕ್ರಿಪ್ಷನ್ ಕೀ, ಅಂದರೆ ಬೀಗ ಹಾಕಿದ ಬ್ಯಾಕಪ್ ತೆರೆಯುವ ಗುಟ್ಟಿನ ಕೋಡ್, ನಮ್ಮ ಕೈಯಲ್ಲೇ ಇದ್ದರೆ ಒಳ್ಳೇದು. ಆದರೆ ಅದು ಕಳೆದುಹೋದರೆ ಪ್ರೊವೈಡರ್ ಕೂಡ ಏನೂ ಮಾಡೋಕಾಗಲ್ಲ. ಕಾಗದದಲ್ಲಿ ಬರೆದು ಕವರಿನಲ್ಲಿ ಅಂಟಿಸಿ ಕ್ಲೈಂಟಿನ ಲಾಕರಿನಲ್ಲಿ ಇಡಿಸಿ.

ಆ ಆಡಿಟರ್ ಆಫೀಸು ಈಗಲೂ ನನ್ನ ಹತ್ತಿರವೇ ಇದೆ. ಪ್ರೊವೈಡರ್ ಬದಲಾಯಿಸಿದೆವು. ಮೂರು ತಿಂಗಳಿಗೊಂದು ಶನಿವಾರ ಅಲ್ಲಿಗೆ ಹೋಗಿ ಒಂದು ಹಳೆಯ ಲ್ಯಾಪ್‌ಟಾಪಿಗೆ ಟ್ಯಾಲಿ ಫೋಲ್ಡರ್ ಇಳಿಸುತ್ತೇನೆ. ಅದೇ ಮೇಡಂ ಟ್ಯಾಲಿ ತೆರೆದು, ಹಿಂದಿನ ದಿನದ ಕೊನೆಯ ವೋಚರ್ ಇದೆಯಾ ನೋಡಿ, ಎಷ್ಟು ಹೊತ್ತಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕುತ್ತಾರೆ. ಕಳೆದ ಸಲ 14 ನಿಮಿಷ.