ರಕ್ತನಾಳದ ಒಳಪದರ ಮತ್ತು ಗಂಡಸರು ಹೇಳದ ತೊಂದರೆ

ಕೇಳುಗರಿಗೆಲ್ಲ ನಮಸ್ಕಾರ.

ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ನಮ್ಮ ಕಡೆಯ ಗಂಡಸರು ಮನೆಯವರಿಗೆ ಹೇಳುತ್ತಾರೆ, ಕಲಬುರಗಿಗೆ ಬಂದು ಇಸಿಜಿ ಮಾಡಿಸುತ್ತಾರೆ. ನಿಮಿರುವಿಕೆ ಕುಗ್ಗಿದರೆ ಮಾತ್ರ ಬಾಯಿ ಬಿಡುವುದಿಲ್ಲ. ಎರಡರ ಬೇರೂ ಬಹಳ ಸಲ ಒಂದೇ ಕಡೆ ಇರುತ್ತದೆ, ರಕ್ತನಾಳದ ಒಳಪದರದಲ್ಲಿ. ಎಂಡೋಥೀಲಿಯಂ ಎಂಬ ಈ ಪದರ ಒಂದೇ ಜೀವಕೋಶದಷ್ಟು ದಪ್ಪ.

ಅದರ ಮಹತ್ವ ತಿಳಿದದ್ದು ಪ್ರಯೋಗದ ಒಂದು ಎಡವಟ್ಟಿನಿಂದ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಅಪಧಮನಿಯ ತುಂಡುಗಳ ಮೇಲೆ ಕೆಲಸ ಮಾಡುತ್ತಿದ್ದರು. ಇಂಥ ಪ್ರಯೋಗದಲ್ಲಿ ನಾಳದ ಉಂಗುರವನ್ನು 37 ಡಿಗ್ರಿ ಬೆಚ್ಚಗಿನ ಲವಣದ್ರಾವಣದಲ್ಲಿ ತೂಗುಬಿಡುತ್ತಾರೆ. ಗಂಟೆ ಹೊತ್ತು ಸುಮ್ಮನೆ ಬಿಟ್ಟು, ಮೊದಲು ಸಂಕುಚಿಸುವ ಮದ್ದು ಹಾಕಿ, ಆಮೇಲೆ ಅಸಿಟೈಲ್‌ಕೋಲಿನ್ ಎಂಬ ನರದ ರಾಸಾಯನಿಕ ಹಾಕಿದರೆ ನಾಳ ಸಡಿಲಾಗಬೇಕು. ಕತ್ತರಿಸುವಾಗ ಒಳಮೈ ಎಲ್ಲಿಗಾದರೂ ಉಜ್ಜಿ ಈ ಪದರ ಕಿತ್ತುಹೋದರೆ ಸಡಿಲಾಗುವುದೇ ಇಲ್ಲ. ಅವರ ತುಂಡುಗಳಿಗೆ ವರ್ಷಗಟ್ಟಲೆ ಆದದ್ದೂ ಇದೇ. ಒಳಪದರ ಹೊರಸೂಸುವ ಏನೋ ಒಂದು ನಾಳವನ್ನು ಸಡಿಲಿಸುತ್ತದೆ ಎಂದು 1980ರಲ್ಲಿ ಅವರು ಪ್ರಕಟಿಸಿದರು. ಆ ‘ಏನೋ ಒಂದು’ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಕೆಲವೇ ಸೆಕೆಂಡು ಬದುಕುವ ವಸ್ತು! ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು.

ಶಿಶ್ನದ ಸ್ಪಂಜಿನಂಥ ಅಂಗಾಂಶದಲ್ಲೂ ಇದೇ ಅನಿಲದ್ದೇ ಕೆಲಸ. ನರದ ತುದಿಯಿಂದಲೂ ಒಳಪದರದಿಂದಲೂ ಅದು ಹೊರಟಾಗ ಸ್ನಾಯು ಸಡಿಲಾಗಿ ರಕ್ತ ತುಂಬುತ್ತದೆ. ಈಗ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಗುಳಿಗೆಯನ್ನು ಮೊದಲು ಪರೀಕ್ಷಿಸಿದ್ದು ಎದೆನೋವಿಗೆ. ಎದೆಗೆ ಅಷ್ಟೇನೂ ಫಲ ಕೊಡಲಿಲ್ಲ, ಬೇರೆ ಕಡೆ ಕೊಟ್ಟಿತು.

ಮೊದಲು ಕೆಳಗೇ ತೊಂದರೆ ಕಾಣುವುದೇಕೆ? ಹನಿ ನೀರಾವರಿ ಮಾಡಿದವರಿಗೆ ಇದು ಗೊತ್ತು. ಗಸಿ ಕೂತರೆ ಮೊದಲು ಕಟ್ಟುವುದು ಹನಿ ಬೀಳುವ ಸಣ್ಣ ತೂತು, ದೊಡ್ಡ ಪೈಪಲ್ಲ. ಶಿಶ್ನದ ಅಪಧಮನಿಯ ಅಗಲ ಸುಮಾರು 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಈ ಸೂಚನೆ ಬರುವುದುಂಟು. ಎಲ್ಲರಲ್ಲೂ ಹೃದ್ರೋಗವೇ ಕಾರಣವಲ್ಲ, ಚಿಂತೆಯಿಂದಲೂ ಬರುತ್ತದೆ. ಬೆಳಗಿನ ಜಾವ ತಾನಾಗಿ ನಿಮಿರುವುದು ಸರಿಯಿದ್ದರೆ ಮನಸ್ಸಿನ ಕಡೆ ಅನುಮಾನ ಹೆಚ್ಚು. ಅದೂ ತಿಂಗಳುಗಟ್ಟಲೆ ನಿಂತಿದ್ದರೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರೋನ್ ಪರೀಕ್ಷೆಗೆ ರಕ್ತ ಕೊಡುವುದಿದ್ದರೆ ಬೆಳಿಗ್ಗೆ 11ರೊಳಗೆ ಕೊಡಿ, ಮಧ್ಯಾಹ್ನಕ್ಕೆ ಅದರ ಮಟ್ಟ ಇಳಿಯುತ್ತದೆ. ವೀರ್ಯಾಣುವಿನ ಸಂಖ್ಯೆ ಬೇರೆಯದೇ ವಿಷಯ, ಇದರ ಜೊತೆ ಕಲಸಬೇಡಿ. ಬೀಡಿ, ಗುಟ್ಕಾ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಮೂರೂ ಒಳಪದರವನ್ನು ನೇರವಾಗಿ ಕೆಡಿಸುತ್ತವೆ. ಮೂರನ್ನೂ ಇಟ್ಟುಕೊಂಡು ಬರೀ ಗುಳಿಗೆ ಕೇಳಿದರೆ ಡಾಕ್ಟರ್ ಏನು ಮಾಡಿಯಾರು?

ಇನ್ನು ಜೀವಕ್ಕೇ ಸಂಚಕಾರ ತರುವ ಮಾತು. ಎದೆನೋವಿಗೆ ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ನೈಟ್ರೇಟ್ ಗುಂಪಿನ ಮದ್ದು. ಅದೂ ನೈಟ್ರಿಕ್ ಆಕ್ಸೈಡ್ ದಾರಿಯಲ್ಲೇ ನಾಳ ಸಡಿಲಿಸುತ್ತದೆ. ಸಿಲ್ಡೆನಾಫಿಲ್ ಆ ಸಡಿಲಿಕೆಯನ್ನು ಇಳಿಯಗೊಡುವುದಿಲ್ಲ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ. ಸಿಲ್ಡೆನಾಫಿಲ್ ತಗೊಂಡ 24 ಗಂಟೆ, ಅದೇ ಗುಂಪಿನ ಟಡಲಾಫಿಲ್ ತಗೊಂಡ 48 ಗಂಟೆ ನೈಟ್ರೇಟ್ ಕೂಡದು. ನೈಟ್ರೇಟ್ ದಿನವೂ ನುಂಗುವವರಿಗೆ ಈ ಗುಳಿಗೆಗಳೇ ಕೂಡದು. ‘ಜಡಿಬೂಟಿ, ಅಡ್ಡಪರಿಣಾಮ ಇಲ್ಲ’ ಎಂದು ಮಾರುವ ಪುಡಿ, ಲೇಹಗಳಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಡೇರೆ ಹಾಕಿ ಅದನ್ನು ಮಾರುವವನು ಎಷ್ಟು ಬೆರೆಸಿದ್ದಾನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಬಿಪಿಯ ಕೆಲವು ಗುಳಿಗೆಗಳಿಂದಲೂ ನಿಮಿರುವಿಕೆ ಕುಗ್ಗಬಹುದು. ಹಾಗೆಂದು ಬೀಟಾ ಬ್ಲಾಕರ್‌ ಎಂಬ ಗುಂಪಿನ ಬಿಪಿ ಗುಳಿಗೆಯನ್ನು ನೀವೇ ಒಮ್ಮೆಲೆ ನಿಲ್ಲಿಸಬೇಡ್ರಿ, ಎದೆನೋವು ಉಲ್ಬಣಿಸಿ ಹೃದಯಾಘಾತವೂ ಆಗಬಹುದು. ಬದಲಿ ಗುಳಿಗೆ ಕೇಳಿ.

ಎದೆನೋವೆಂದು ರಾತ್ರಿ 108 ಕರೆಸಿ ಆಸ್ಪತ್ರೆ ಸೇರಿದಾಗ ನೀವೋ ನಿಮ್ಮ ಜೊತೆಗಿದ್ದವರೋ ಮೊದಲು ಹೇಳಬೇಕಾದದ್ದು ಇದನ್ನೇ: ನಿಮಿರುವಿಕೆಯ ಗುಳಿಗೆಯೋ ಪುಡಿಯೋ ತಗೊಂಡಿದ್ದರೆ ಯಾವುದು, ಎಷ್ಟು ಗಂಟೆಗೆ. ಗುಳಿಗೆಯ ಖಾಲಿ ಪಟ್ಟಿ ಜೇಬಿನಲ್ಲಿದ್ದರೆ ಅದನ್ನೇ ಡಾಕ್ಟರ ಕೈಗೆ ಕೊಡಿ.