ಏನು ಕೆಲಸ ಮಾಡ್ತೀರಮ್ಮಾ?

ಕೇಳುಗರಿಗೆ ನಮಸ್ಕಾರ.

ನಾನು ಚಿಕ್ಕವಳಿದ್ದಾಗ ಜನಗಣತಿಯವರು ಮನೆಗೆ ಬಂದಿದ್ದರು. ಅಜ್ಜಿ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅಷ್ಟರೊಳಗೆ ಎರಡು ಎಮ್ಮೆ ಕರೆದು, ಕೊಟ್ಟಿಗೆ ಬಾಚಿ, ನೀರು ಸೇದಿ ಆಗಿತ್ತು. "ಏನು ಕೆಲಸ ಮಾಡ್ತೀರಮ್ಮಾ?" ಅಂದರು. "ಏನಿಲ್ಲಪ್ಪ, ಮನೇಲೇ ಇರ್ತೀನಿ." ಅವರು ಹಾಗೇ ಬರೆದುಕೊಂಡು ಹೋದರು.

ಈ "ಏನಿಲ್ಲಪ್ಪ"ವನ್ನು ನಂಬದಿದ್ದ ಅರ್ಥಶಾಸ್ತ್ರಜ್ಞೆ ಒಬ್ಬರು ನಮ್ಮ ಮೈಸೂರಿನವರೇ. ದೇವಕಿ ಜೈನ್. 1933ರಲ್ಲಿ ಹುಟ್ಟಿದವರು. ತಂದೆ ಎಂ. ಎ. ಶ್ರೀನಿವಾಸನ್ ಮೈಸೂರು ಸಂಸ್ಥಾನದಲ್ಲಿ ಮಂತ್ರಿಯಾಗಿದ್ದರು. ಮಗಳು ಆಕ್ಸ್‌ಫರ್ಡಿನಲ್ಲಿ ಓದಿ, ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಪಾಠ ಹೇಳಿ, ಗಾಂಧಿವಾದಿ ಎಲ್. ಸಿ. ಜೈನ್ ಅವರನ್ನು ಮದುವೆಯಾದರು. ಮಂತ್ರಿಯ ಮಗಳಿಗೆ ಸೌದೆ ಹೊರುವವಳ ಪಾಡು ಏನು ಗೊತ್ತು ಅಂತ ನೀವು ಕೇಳಬಹುದು. ಗೊತ್ತಿಲ್ಲದ್ದಕ್ಕೇ ಹೋಗಿ ನೋಡಿದರು.

1970ರ ದಶಕದಲ್ಲಿ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅವರ ತಂಡ ಪ್ರಶ್ನೆ ಕೇಳಿ ವಾಪಸು ಬರಲಿಲ್ಲ. ಅಲ್ಲೇ ಇದ್ದು, ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಅಂತ ಬರೆದುಕೊಂಡಿತು. ಮೇವು ತರುವುದು, ಸಗಣಿ ತಟ್ಟುವುದು, ತಮ್ಮನನ್ನು ಸೊಂಟದ ಮೇಲೆ ಹೊತ್ತು ದನ ಕಾಯುವುದು. ಸರ್ಕಾರದ ಲೆಕ್ಕದಲ್ಲಿ ಕೆಲಸವಿಲ್ಲದವರೆಂದು ಇದ್ದ ಹೆಂಗಸರು, ಹೆಣ್ಣುಮಕ್ಕಳು ಹೊತ್ತು ಮೂಡುವುದರಿಂದ ಹೊತ್ತು ಮುಳುಗುವವರೆಗೆ ದುಡಿಯುತ್ತಿದ್ದರು. ಲೆಕ್ಕದಲ್ಲಿ ಸಿಗದವಳಿಗೆ ಯೋಜನೆಯಲ್ಲೂ ಜಾಗ ಸಿಗುವುದಿಲ್ಲ. ನೋಡಿ, ಕೂಲಿ ಕಾನೂನು, ಸಾಲ, ತರಬೇತಿ ಎಲ್ಲಾ "ಕೆಲಸಗಾರ" ಅನ್ನುವ ಆ ಒಂದು ಕಾಲಮ್ಮಿನ ಮೇಲೆ ನಿಂತಿರುತ್ತವೆ.

ಆಮೇಲೆ 1984ರ ಬೆಂಗಳೂರು. ಮರುವರ್ಷ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ನಡೆಯುವುದಿತ್ತು. ಅದಕ್ಕೆ ಮೊದಲೇ ಬಡ ದೇಶಗಳ ಹೆಂಗಸರನ್ನು ದೇವಕಿ ನಮ್ಮೂರಿಗೆ ಕರೆಸಿ ಕೂರಿಸಿದರು. ಹುಟ್ಟಿದ ಕೂಟದ ಹೆಸರು ಡಾನ್, ಅಂದರೆ ಮುಂಜಾವು. ಅದನ್ನು ಬೆಳೆಸಿದವರಲ್ಲಿ ಅರ್ಥಶಾಸ್ತ್ರಜ್ಞೆ ಗೀತಾ ಸೇನ್, ಕೆರಿಬಿಯನ್ನಿನ ಪೆಗಿ ಆಂಟ್ರೋಬಸ್ ಇದ್ದರು. ಅಲ್ಲಿಯವರೆಗೆ ದೊಡ್ಡವರ ಮಾತು "ಅಭಿವೃದ್ಧಿಯಲ್ಲಿ ಹೆಂಗಸರಿಗೂ ಪಾಲು ಕೊಡೋಣ" ಅನ್ನುವುದಾಗಿತ್ತು. ಪಾಲಿನ ಮಾತು ಆಮೇಲೆ, ಈ ಅಡುಗೆಯೇ ಸರಿಯಿದೆಯೇ ಅಂತ ಇವರು ಕೇಳಿದರು. ದೇಶಗಳ ಸಾಲ, ಆಹಾರದ ಅಭಾವ, ಶಸ್ತ್ರಾಸ್ತ್ರದ ಖರ್ಚು, ಎಲ್ಲವನ್ನೂ ಬಡವಳ ಒಲೆಯ ಕಡೆಯಿಂದ ನೋಡಿದರು. ನೈರೋಬಿಯಲ್ಲಿ ಈ ಮಾತಿಗೆ ಕಿವಿ ಸಿಕ್ಕಿತು.

ಮುಂದೆ ತಾಂಜಾನಿಯಾದ ನಾಯಕ ಜೂಲಿಯಸ್ ನೈರೇರೆ ಅಧ್ಯಕ್ಷರಾಗಿದ್ದ, ಬಡ ದೇಶಗಳ ಅಭಿವೃದ್ಧಿಯ ದಾರಿ ಯೋಚಿಸುವ ಸೌತ್ ಕಮಿಷನ್ನಿನಲ್ಲಿ ದೇವಕಿ ಸದಸ್ಯೆ, ಅಲ್ಲಿದ್ದ ಹೆಂಗಸರೋ ಬೆರಳೆಣಿಕೆಯಷ್ಟು. 2006ರಲ್ಲಿ ಪದ್ಮಭೂಷಣ ಬಂತು.

ಇಡೀ ದೇಶದಲ್ಲಿ ಹೊತ್ತಿನ ಲೆಕ್ಕ ಮಾಡಲು ನಮ್ಮ ಸರ್ಕಾರಕ್ಕೆ 2019 ಆಗಬೇಕಾಯಿತು. ಆ ವರ್ಷದ ಲೆಕ್ಕದಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಈ ಸಲ ಬಂದವರು "ಏನು ಕೆಲಸ" ಅಂತ ಕೇಳಲಿಲ್ಲ. ನಿನ್ನೆ ಬೆಳಗಿನ ಜಾವ ನಾಲ್ಕರಿಂದ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ ಅಂತ ಕೇಳಿದರು.

ನಾಲ್ಕಕ್ಕೆ ನಮ್ಮಜ್ಜಿ ಒಲೆ ಹಚ್ಚಿ ಆಗಿರುತ್ತಿತ್ತು.