ಮಾರಮರೊಶ್: ಮ್ಯಾಪಿಂದ ಮಾಯವಾದ ಜಿಲ್ಲೆ, ಅದರ ತಲೆ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಹೇಳ್ತಿರೋ ಜಿಲ್ಲೆನ ಯಾವ ಹೊಸ ಮ್ಯಾಪಲ್ಲಿ ಹುಡುಕಿದ್ರೂ ಇದ್ದ ಹಾಗೆ ಸಿಗಲ್ಲ. ಹೆಸರು ಮಾರಮರೊಶ್. ಹಂಗೇರಿ ರಾಜ್ಯದ ಈಶಾನ್ಯ ಮೂಲೆ, ಕಾರ್ಪಾಥಿಯನ್ ಬೆಟ್ಟಗಳ ಮಡಿಲು, ಕಾಡು ಜಾಸ್ತಿ ಹೊಲ ಕಮ್ಮಿ, ಮಧ್ಯದಲ್ಲಿ ತಿಸಾ ನದಿ. ಜಿಲ್ಲೆ ಅಂತ ನಾನು ಸುಲಭಕ್ಕೆ ಹೇಳ್ತಿದೀನಿ, ಅವರು ವಾರ್ಮೆಡ್ಯೆ ಅಂತಾರೆ, ಅದರಲ್ಲಿರೋ ವಾರ್ ಅಂದ್ರೆ ಕೋಟೆ.

1910ರ ಜನಗಣತಿ ಪ್ರಕಾರ ಅಲ್ಲಿ 3,57,705 ಜನ. ಹಂಗೇರಿ ಜಿಲ್ಲೆ ಅಂದ್ಮೇಲೆ ಹಂಗೇರಿಯನ್ನರೇ ತುಂಬಿರ್ಬೇಕು ಅಲ್ವಾ? ಇಲ್ಲ. ಮನೆಮಾತು ಹಂಗೇರಿಯನ್ ಅಂತ ಬರೆಸಿದವರು 52,964, ಅಂದ್ರೆ ನೂರಕ್ಕೆ 15 ಕೂಡ ಇಲ್ಲ. ರುಥೇನಿಯನ್ನರು, ಅಂದ್ರೆ ಇವತ್ತಿನ ಉಕ್ರೇನಿಯನ್ನರ ನೆಂಟರು, 1,59,489. ರೊಮೇನಿಯನ್ ಮಾತಾಡೋರು 84,510. ಜರ್ಮನ್ 59,552.

ಈ ಜರ್ಮನ್ ಲೆಕ್ಕ ಇದೆಯಲ್ಲ, ಅಲ್ಲೇ ಇರೋದು ಮಜಾ. ಮರ ಕಡಿಯೋ ಕೆಲಸಕ್ಕೆ ಬಂದು ವಿಶೊ ಕಣಿವೆಲಿ ನೆಲೆ ನಿಂತ ಜರ್ಮನ್ನರು ಒಂದಷ್ಟು ಇದ್ರು ನಿಜ, ಆದ್ರೆ ಅರವತ್ತು ಸಾವಿರ ಎಲ್ಲಿಂದ ಬರ್ಬೇಕು? ವಿಷಯ ಏನಪ್ಪಾ ಅಂದ್ರೆ ಯಹೂದಿಗಳ ಯಿಡ್ಡಿಷ್ ಭಾಷೆಗೆ ಆ ಗಣತಿಲಿ ಬೇರೆ ಕಾಲಮ್ಮೇ ಇರ್ಲಿಲ್ಲ, ಆಡಿದವರನ್ನೆಲ್ಲ ಜರ್ಮನ್‌ಗೆ ಸೇರಿಸಿಬಿಟ್ರು. ಧರ್ಮದ ಕಾಲಮ್ ನೋಡಿದ್ರೆ ಯಹೂದಿಗಳು 65,694, ಜರ್ಮನ್ ಮಾತಾಡೋರಿಗಿಂತ ಜಾಸ್ತಿ! ಅಂದ್ರೆ ಕೆಲವರು ಹಂಗೇರಿಯನ್ ಅಂತಾನೂ ಬರೆಸಿದಾರೆ. ಭಾಷೆ ಕಾಲಮ್ ಒಂದನ್ನೇ ನಂಬಿದ್ರೆ ಐದರಲ್ಲಿ ಒಂದು ಪಾಲಿಗೆ ಹತ್ತಿರ ಇದ್ದ ಜನ ನಮ್ಮ ಕಣ್ಣಿಗೇ ಬೀಳಲ್ಲ.

ಇಷ್ಟು ಬಗೆ ಜನನ ಆ ಕಾಡಿಗೆ ಎಳೆದಿದ್ದಕ್ಕೆ ಒಂದು ದೊಡ್ಡ ಕಾರಣ ಉಪ್ಪು. ಸಮುದ್ರದ್ದಲ್ಲ, ನೆಲದಡಿ ಬಂಡೆ ಥರ ಇರೋ ಉಪ್ಪು. ಸ್ಲಾತಿನಾ, ರೋನಾಸೇಕ್, ಸುಗತಗ್ ಊರುಗಳಲ್ಲಿ ಗಣಿ. ಅದನ್ನ ಬಯಲುಸೀಮೆಗೆ ಸಾಗಿಸ್ತಿದ್ದಿದ್ದು ಹೇಗೆ ಗೊತ್ತಾ, ಕಾಡಿನ ಮರದ ದಿಮ್ಮಿಗಳನ್ನ ಒಂದಕ್ಕೊಂದು ಕಟ್ಟಿ ತೆಪ್ಪ ಮಾಡಿ, ಮೇಲೆ ಉಪ್ಪು ಹೇರ್ಕೊಂಡು ತಿಸಾ ನದಿಲಿ ಸೊಲ್ನೊಕ್, ಸೆಗೆಡ್ ಕಡೆ ಬಿಡೋದು. ಅಲ್ಲಿ ಉಪ್ಪು ಇಳಿಸಿದ ಮೇಲೆ ತೆಪ್ಪ ಬಿಚ್ಚಿ ದಿಮ್ಮಿನೂ ಮಾರೋದು. ಗಾಡಿನೂ ಸರಕೇ ನೋಡಿ!

ಹಳೇ ಕಥೆ ಬೇಗ ಹೇಳ್ಬಿಡ್ತೀನಿ. 1329ರಲ್ಲಿ ಹಂಗೇರಿ ರಾಜ ಹುಸ್ತ್, ವಿಶ್ಕ್, ತೇಚೊ ಮುಂತಾದ ಊರುಗಳಿಗೆ ವಿಶೇಷ ಹಕ್ಕು ಕೊಟ್ಟ. 1359ರ ಸುಮಾರಿಗೆ ಬೊಗ್ದಾನ್ ಅನ್ನೋ ಇಲ್ಲಿನ ನಾಯಕ ರಾಜನ ಮೇಲೆ ತಿರುಗಿಬಿದ್ದು ಬೆಟ್ಟ ದಾಟಿ ಹೋಗಿ ಆಚೆ ಕಡೆಯ ಮೊಲ್ದಾವಿಯಾ ಅನ್ನೋ ಸಂಸ್ಥಾನನ ಸ್ವತಂತ್ರ ಮಾಡ್ಕೊಂಡ.

ಮೊದಲ ಮಹಾಯುದ್ಧ ಮುಗಿದ ಮೇಲೆ ಶುರುವಾಯ್ತು ನೋಡಿ ಗೋಜಲು. ಯುದ್ಧ ಸೋತ ಹಂಗೇರಿಯ ಹೊಸ ಗಡಿ ಗೀಚಿದ 1920ರ ಟ್ರಿಯಾನನ್ ಒಪ್ಪಂದದಲ್ಲಿ ಜಿಲ್ಲೆ ಎರಡು ಹೋಳು. ಉತ್ತರ ಚೆಕೊಸ್ಲೊವಾಕಿಯಾಗೆ, ದಕ್ಷಿಣ ರೊಮೇನಿಯಾಗೆ, ಜಿಲ್ಲಾ ಕೇಂದ್ರ ಸಿಗೆಟ್ ಕೂಡ ಅವರಿಗೇ. 1939ರ ಮಾರ್ಚ್ 15ಕ್ಕೆ ಉತ್ತರ ಭಾಗದ ಹುಸ್ತ್ ಊರಲ್ಲಿ ಕಾರ್ಪಾಥಿಯನ್ ಉಕ್ರೇನ್ ಅಂತ ಸ್ವತಂತ್ರ ದೇಶ ಘೋಷಣೆ ಮಾಡಿದ್ರು, ಅಷ್ಟೊತ್ತಿಗಾಗ್ಲೇ ಹಂಗೇರಿ ಸೈನ್ಯ ಒಳಗೆ ನುಗ್ತಾ ಇತ್ತು, ಮಾರನೇ ದಿನಕ್ಕೇ ಹುಸ್ತ್ ಅವರ ಕೈಗೆ ಹೋಯ್ತು. 1940ರಲ್ಲಿ ದಕ್ಷಿಣ ಭಾಗನೂ ವಾಪಸ್ ಹಂಗೇರಿಗೆ. ಯುದ್ಧ ಮುಗಿದ ಮೇಲೆ ಉತ್ತರ ಸೋವಿಯತ್ ಪಾಲು, 1991ರಿಂದ ಉಕ್ರೇನ್. ದಕ್ಷಿಣ ಮತ್ತೆ ರೊಮೇನಿಯಾ. 1910ರಲ್ಲಿ ಹುಸ್ತ್‌ನಲ್ಲಿ ಹುಟ್ಟಿದ ಮಗು ತೊಂಬತ್ತು ವರ್ಷ ಮನೆ ಹೊಸ್ತಿಲು ದಾಟದೇ ಬದುಕಿದ್ರೆ ಅದಕ್ಕೆ ಎಷ್ಟು ದೇಶದ ಕಾಗದಪತ್ರ ಸಿಗ್ತಿತ್ತು, ನೀವೇ ಲೆಕ್ಕ ಹಾಕಿ.

ಆದ್ರೆ ಎಲ್ಲರಿಗೂ ಮನೆಲೇ ಇರೋ ಭಾಗ್ಯ ಸಿಗ್ಲಿಲ್ಲ. 1944ರ ಮೇ ತಿಂಗಳಲ್ಲಿ ಸಿಗೆಟ್ಟಿನ ಯಹೂದಿಗಳನ್ನ ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಕಳಿಸಿದ್ರು. ಆ ರೈಲಲ್ಲಿ 15 ವರ್ಷದ ಎಲೀ ವೀಸೆಲ್ ಇದ್ದ, ಮುಂದೆ 1986ರಲ್ಲಿ ಶಾಂತಿ ನೊಬೆಲ್ ಪಡೆದವನು. ಜರ್ಮನ್ ಕಾಲಮ್ಮಿಗೆ ಸೇರಿಸಿದ್ದ ಆ ಜನರಲ್ಲಿ ತುಂಬಾ ಜನ, ಅವರ ಮಕ್ಕಳು ಮರಿ, ಹಾಗೇ ಹೋದ್ರು.

ಈಗ ಸಿಗೆಟ್ ಈ ದಡ, ರೊಮೇನಿಯಾ. ಸ್ಲಾತಿನಾ ಆ ದಡ, ಉಕ್ರೇನ್, ಮಧ್ಯೆ ತಿಸಾ ಮೇಲೊಂದು ಮರದ ಸೇತುವೆ. ಸ್ಲಾತಿನಾದ ಉಪ್ಪಿನ ಗಣಿಗಳು ನೀರು ನುಗ್ಗಿ ಮುಚ್ಚಿಹೋಗಿವೆ. ಆದ್ರೂ ಆ ಕಡೆಯ ಹಂಗೇರಿಯನ್ ಮನೆಗಳಲ್ಲಿ ಗಡಿಯಾರ ಇವತ್ತಿಗೂ ಬುಡಾಪೆಸ್ಟ್ ಟೈಮಿಗೇ ಓಡುತ್ತೆ, ಸರ್ಕಾರಿ ಆಫೀಸಿನ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿ ಯಾರಾದ್ರೂ ಹತ್ತು ಗಂಟೆಗೆ ಬಾ ಅಂದ್ರೆ ಯಾವ ಹತ್ತು ಅಂತ ಕೇಳ್ಕೊಂಡೇ ಹೋಗ್ಬೇಕು. ನಮಸ್ಕಾರ.